ಮೂರನೇ ಗುಂಡಿಯ ಎಲೆಬಳ್ಳಿ

ಯುಗಾದಿ ಕಳೆದು ನಾಲ್ಕನೆಯ ದಿನ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ನಾನು ಸವಣೂರು ತಾಲ್ಲೂಕಿನ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಕಂಟ್ರೋಲ್ ರೂಮಿನ ಪೂರ್ವದ ಕಿಟಕಿಯಿಂದ ಇಪ್ಪತ್ತೆರಡು ಹೆಜ್ಜೆ ದೂರ ನಿಂತಿದ್ದೆ. ಎಡಗಡೆ ಮೂರನೇ ಅರ್ಥಿಂಗ್ ಗುಂಡಿ. ಬಲಗಡೆ ನಾನೇ ಹಬ್ಬಿಸಿದ ಎಲೆಬಳ್ಳಿ. ಕಾಲಲ್ಲಿ ಮೆಟ್ಟು ಇರಲಿಲ್ಲ. ಇಪ್ಪತ್ತೆರಡು ಹೆಜ್ಜೆ ಎಂಬುದು ಅಂದಾಜಲ್ಲ. ಮರುದಿನ ಎರಡು ಸಲ ಅಳೆದು ನೋಡಿದ್ದೇನೆ. ಒಳಗಿನ ಗೋಡೆ ಗಡಿಯಾರ ಎರಡು ನಿಮಿಷ ಮುಂದಿತ್ತು. ಅದನ್ನು ಕಳೆದು ಹೊತ್ತು ಬರೆದಿದ್ದೇನೆ.

ಆ ನಿಮಿಷದಲ್ಲಿ ಅರ್ಧ ಕಿಲೋಮೀಟರ್ ದೂರದ ಕಂಬದ ಮೇಲೆ ನಾಗಪ್ಪ ಎಂಬ ಲೈನ್‌ಮ್ಯಾನ್ ಇದ್ದ. ಅವನು ಅಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಒಳಗೆ ಕರೆಂಟಿನ ಹಿಡಿಯ ಮುಂದೆ ನಿಂತವಳಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವನು ನಾನೇ.

ಆ ಊರಿನ ಹೆಸರು ಬರೆಯುವುದಿಲ್ಲ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಷ್ಟು ವರ್ಷಕ್ಕೆ ನಿವೃತ್ತನಾದೆ ಎಂಬುದನ್ನೂ ಬರೆಯುವುದಿಲ್ಲ. ಅದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳಿಗೆ ಅದರಲ್ಲಿ ಇಲ್ಲದ್ದನ್ನು ಹೇಳಬೇಕಾಗಿದೆ.

ಸಬ್‌ಸ್ಟೇಷನ್ ಆಪರೇಟರನ ಕೆಲಸ ಹೊರಗಿನವರ ಕಣ್ಣಿಗೆ ಕುರ್ಚಿಯಲ್ಲಿ ಕೂರುವ ಕೆಲಸ. ದೊಡ್ಡ ಲೈನಿನಿಂದ ಬಂದ ಕರೆಂಟನ್ನು ಇಳಿಸಿ ಸುತ್ತಲಿನ ಊರುಗಳಿಗೆ ಹೋಗುವ ನಾಲ್ಕೈದು ಲೈನುಗಳಿಗೆ ಹಂಚುವ ಜಾಗ ಅದು. ಪ್ರತಿ ಲೈನಿಗೂ ಹೊರಗೆ ಯಾರ್ಡಿನಲ್ಲಿ ಒಂದು ಸ್ವಿಚ್ಚು, ಒಳಗೆ ಪ್ಯಾನಲ್ ಮೇಲೆ ಒಂದು ಹಿಡಿ. ಮೊದಲು ಯಾರ್ಡಿನ ಸ್ವಿಚ್ಚು, ಆಮೇಲೆ ಒಳಗಿನ ಹಿಡಿ. ಹಿಡಿ ತಿರುಗಿತೆಂದರೆ ಲೈನಿಗೆ ಕರೆಂಟು ಹೋಯಿತು. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ನಮ್ಮ ಬಳಿ ಬಂದು, ಲೈನು ಬಂದ್ ಮಾಡಿಸಿ, ಪುಸ್ತಕದಲ್ಲಿ ಸಹಿ ಮಾಡಿ ಹೋಗಬೇಕು. ಇದಕ್ಕೆ ಎಲ್‌ಸಿ ತೆಗೆದುಕೊಳ್ಳುವುದು ಎನ್ನುತ್ತೇವೆ. ಕೆಲಸ ಮುಗಿಸಿ ಅದೇ ಮನುಷ್ಯ ಬಂದು ಅದೇ ಪುಸ್ತಕದಲ್ಲಿ ಮತ್ತೆ ಸಹಿ ಮಾಡಿದ ಮೇಲೆಯೇ ಕರೆಂಟು ಬಿಡಬೇಕು. ಎರಡು ಸಹಿಗಳ ನಡುವಿನ ಹೊತ್ತು ಅವನ ಜೀವ ನಮ್ಮ ಕೈಯಲ್ಲಿರುತ್ತದೆ.

ಇದನ್ನು ನನಗೆ ಕಲಿಸಿದವರು ಹಿರೇಕೆರೂರು ಕಡೆಯ ನನ್ನ ಮೊದಲ ಹಿರಿಯ ಆಪರೇಟರು ಸಿದ್ದಲಿಂಗಪ್ಪನವರು. ಕೆಲಸಕ್ಕೆ ಸೇರಿದ ಎರಡನೇ ವಾರ ಒಬ್ಬ ಲೈನ್‌ಮ್ಯಾನ್ ಫೋನ್ ಮಾಡಿ ಕೆಲಸ ಮುಗಿಯಿತು, ಲೈನ್ ಹಾಕ್ರಿ ಎಂದ. ದನಿ ಪರಿಚಯದ್ದು. ನಾನು ಹಿಡಿಗೆ ಕೈ ಹಾಕಿದೆ. ಸಿದ್ದಲಿಂಗಪ್ಪನವರು ಹಿಂದಿನಿಂದ ಬಂದು ನನ್ನ ಮುಂಗೈ ಹಿಡಿದರು.

"ಎಲ್ಲಿಂದ ಮಾತಾಡಿದಾ ಅಂವಾ?"

"ಕಂಬದ ಕೆಳಗಿಂದ್ರಿ."

"ಹೌದಾ? ಫೋನಿನ್ಯಾಗ ಕಂಬಾ ಕಾಣಸ್ತೇನಲೇ ನಿನಗ?"

ರೂಮಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ಆ ಲೈನ್‌ಮ್ಯಾನ್ ಸೈಕಲ್ಲಿನಲ್ಲಿ ಬಂದು ಸಹಿ ಮಾಡುವವರೆಗೆ ಬಾಗಿಲ ಕಡೆಗೇ ನೋಡುತ್ತ ಕುಳಿತರು.

ಹನ್ನೊಂದು ವರ್ಷ ಆ ಪಾಠ ನನ್ನನ್ನು ಕಾಯಿತು. ಆಮೇಲೆ ಹಾನಗಲ್ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ನಡೆದದ್ದನ್ನು ಚಿಕ್ಕದಾಗಿ ಬರೆಯುತ್ತೇನೆ, ಏಕೆಂದರೆ ಉದ್ದವಾಗಿ ಬರೆಯಲು ಈಗಲೂ ಆಗುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತದೆ. ನನ್ನ ಮೊದಲಿನ ಪಾಳಿಯವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಎಲ್‌ಸಿ ಪುಸ್ತಕ ತೆರೆದಿತ್ತು. ಹಾಳೆ ಖಾಲಿ ಇತ್ತು. ಅವರು ಬರೆಯುವಾಗ ಹಿಂದಿನ ಹಾಳೆ ತುಂಬಿ, ಹೊಸ ಹಾಳೆ ಮಗುಚಿಟ್ಟಿದ್ದರು. ಹಿಂದಿನ ಹಾಳೆಯ ಕೊನೆಯ ಸಾಲಿನಲ್ಲಿ ಲೈನ್‌ಮ್ಯಾನ್ ಫಕ್ಕೀರಪ್ಪನ ಹೆಸರಿತ್ತು. ಒಂದೇ ಸಹಿ ಇತ್ತು. ನಾನು ಹಾಳೆ ತಿರುವಿ ನೋಡಲಿಲ್ಲ. ಎರಡು ಗಂಟೆ ಹನ್ನೆರಡು ನಿಮಿಷಕ್ಕೆ, ಬಂದ್ ಇದ್ದ ಆ ಲೈನಿನ ಹಿಡಿ ತಿರುಗಿಸಿದೆ.

ಫಕ್ಕೀರಪ್ಪ ಉಳಿದ. ಬಲಗೈ ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಎಡಗೈಯಲ್ಲಿ ಚಹಾದ ಕಪ್ಪು ಕೊಟ್ಟು, "ನೀ ಬೇಕಂತ ಮಾಡಿಲ್ಲ ಬಿಡಪಾ ಬಸಣ್ಣ," ಎಂದ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ವಿಚಾರಣೆ ಆಯಿತು, ಇಬ್ಬರಿಗೂ ಶಿಕ್ಷೆ ಆಯಿತು. ಅದು ಮುಗಿಯಿತು. ಮುಗಿಯದೆ ಉಳಿದದ್ದು ಬೇರೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಎಂಬ ಸದ್ದು ಮನೆಗೆ ಬಂದರೂ ಕಿವಿಯಲ್ಲಿ ಇರುತ್ತಿತ್ತು. ಊಟಕ್ಕೆ ಕುಳಿತಾಗಲೂ ಇರುತ್ತಿತ್ತು. ಪುಸ್ತಕದ ಹಾಳೆಗಳನ್ನು ಹತ್ತು ಸಲ ಹಿಂದಕ್ಕೆ ಮುಂದಕ್ಕೆ ತಿರುವುತ್ತಿದ್ದೆ. ಲೈನ್‌ಮ್ಯಾನ್ ಎದುರಿಗೇ ನಿಂತು ಸಹಿ ಮಾಡಿದರೂ ಅವನ ಕೈ ಮುಟ್ಟಿ ನೋಡುತ್ತಿದ್ದೆ. ಹಿಡಿಯ ಮುಂದೆ ನಿಂತರೆ ಮೊಣಕೈಯಿಂದ ಕೆಳಗೆ ಕೈ ನನ್ನದಲ್ಲ ಎನಿಸುತ್ತಿತ್ತು. ಒಂದು ದಿನ ಕೈ ಏಳಲೇ ಇಲ್ಲ. ಎರಡು ಊರು ಮುಕ್ಕಾಲು ಗಂಟೆ ಕರೆಂಟಿಲ್ಲದೆ ಕುಳಿತವು. ಅದಾದ ಮೇಲೆ ನನ್ನನ್ನು ಸವಣೂರು ತಾಲ್ಲೂಕಿಗೆ ಕಳಿಸಿದರು.

ಅಲ್ಲಿನ ಸೆಕ್ಷನ್ ಆಫೀಸರ್ ಪಾಟೀಲ ಸಾಹೇಬರು ದಪ್ಪ ಮೈಯ, ನಿಧಾನ ಮಾತಿನ ಮನುಷ್ಯ. ನನ್ನ ಕಾಗದಪತ್ರ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಅರ್ಥಿಂಗ್ ಗುಂಡಿಗಳನ್ನು ತೋರಿಸಿದರು. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯನ ಮೈಗೆ ಬರದೆ ನೆಲಕ್ಕೆ ಇಳಿದು ಹೋಗಲಿ ಎಂದು, ಇದ್ದಿಲು ಉಪ್ಪು ತುಂಬಿ ಕಬ್ಬಿಣದ ಕೊಳವೆ ಹೂತ ಗುಂಡಿಗಳು ಅವು. ನೆಲ ಹಸಿ ಇದ್ದರೆ ಮಾತ್ರ ಇಳಿಯುತ್ತದೆ. ಒಣಗಿದರೆ ಇಳಿಯುವುದಿಲ್ಲ.

"ನೋಡು, ಎರಿ ಮಣ್ಣು ಬಿರಿಯಾಕತ್ತೈತಿ. ಮೀಟರ್ ಹಚ್ಚಿ ನೋಡಿದ್ರ ಮುಳ್ಳು ಮ್ಯಾಲ ಹೊಂಟೈತಿ. ನಿನಗ ಸದ್ಯಕ್ಕ ಪ್ಯಾನಲ್ ಬ್ಯಾಡ. ಕೊಡಾ ತಗೋ. ದಿನಾ ಮುಂಜಾನೆ ಗುಂಡಿಗೊಂದು ಹತ್ತು ಕೊಡಾ ನೀರು ಹಾಕು."

"ಇದು ಶಿಕ್ಷಾ ಏನ್ರಿ ಸಾಹೇಬ್ರ?"

"ಶಿಕ್ಷಾ ಆಗೇತೆಲ್ಲಪಾ. ಇದು ಕೆಲಸ."

ಮೊದಲ ವಾರ ಕೊಡಗಳನ್ನು ಎಣಿಸಿದೆ. ಎಣಿಸಿ, ತಪ್ಪಿತೇನೋ ಎಂದು ಮತ್ತೆ ಮೊದಲಿನಿಂದ ಹಾಕಿದೆ. ಕೆಲವು ದಿನ ಒಂದು ಗುಂಡಿಗೆ ಹದಿನೆಂಟು ಇಪ್ಪತ್ತು ಕೊಡ ಹೋದವು. ಹೆಚ್ಚಾದ ನೀರು ಮೂರನೇ ಗುಂಡಿಯಿಂದ ಹರಿದು ಬೇಲಿಯ ಕಡೆ ಹೋಗುತ್ತಿತ್ತು. ಅಲ್ಲಿ ತನ್ನಷ್ಟಕ್ಕೆ ರಾಜಗಿರಿ ಸೊಪ್ಪು ಎದ್ದಿತು. ಯಾರ್ಡಿನೊಳಗೆ ಒಂದು ಹುಲ್ಲುಕಡ್ಡಿಯೂ ಇರಬಾರದು, ಅದು ನಿಯಮ. ಆದರೆ ಯಾರ್ಡು ಕಟ್ಟಡದ ಪಶ್ಚಿಮಕ್ಕಿತ್ತು, ಮೂರನೇ ಗುಂಡಿ ಪೂರ್ವಕ್ಕೆ, ಯಾರ್ಡಿನ ಬೇಲಿಯ ಹೊರಗೆ. ಪಾಟೀಲ ಸಾಹೇಬರನ್ನು ಕೇಳಿದೆ. "ಬೆಳೀಲಿ ಬಿಡು," ಎಂದರು. ಉಪ್ಪಿನ ಗುಂಡಿಯಿಂದ ನಾಲ್ಕು ಮೊಳ ಬಿಟ್ಟು ಮಡಿ ಮಾಡಿ ಮೆಂತ್ಯ ಚೆಲ್ಲಿದೆ. ಬದನೆ ಹಚ್ಚಿದೆ. ಕಟ್ಟಡದ ನೆರಳು ಬೀಳುವಲ್ಲಿ ದುಂಡುಮಲ್ಲಿಗೆ.

ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಹತ್ತುವ ಮೊದಲು, ಒಣ ಮಣ್ಣಿಗೆ ನೀರು ಇಳಿಯುವ ಸದ್ದು ಕೇಳುತ್ತ ಕುಳಿತಿದ್ದೆ. ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಅಷ್ಟರಲ್ಲಿ ಎರಡು ಸಂಗತಿ ಗಮನಕ್ಕೆ ಬಂದವು. ಆ ದಿನ ಕೊಡ ಎಣಿಸಿರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇರಲಿಲ್ಲ. ನಾನು ಪೂಜೆ ಪುನಸ್ಕಾರದ ಮನುಷ್ಯನಲ್ಲ. ಆದರೆ ಅಂದು ಎದ್ದು ಕೈ ತೊಳೆದುಕೊಂಡಾಗ, ಯಾರೋ ನನ್ನನ್ನು ಕೂಗಿ ಒಳಗೆ ಕರೆದುಕೊಂಡಂತೆ ಇತ್ತು. ಬೇರೆ ರೀತಿ ಹೇಳಲು ಬರುವುದಿಲ್ಲ. ಆ ಬೇಸಿಗೆಯ ಕೊನೆಗೆ ಪ್ಯಾನಲ್ ಮುಂದೆ ನಿಂತೆ. ಕೈ ಎದ್ದಿತು.

ಸವಣೂರಿನ ಎಲೆ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಎಲೆತೋಟದ ಒಬ್ಬ ಅಜ್ಜ ನನಗೆ ನಾಲ್ಕು ತುಂಡು ಬಳ್ಳಿ ಕೊಟ್ಟ. ತೋಟದ ಬದುವಿನಲ್ಲೇ ನನ್ನನ್ನು ತಡೆದು ನಿಲ್ಲಿಸಿದ್ದ.

"ಮೆಟ್ಟು ಅಲ್ಲೇ ಕಳೀರಿ. ಎಲಿತ್ವಾಟ ಅಂದ್ರ ಗುಡಿ ಇದ್ದಂಗ. ಮೆಟ್ಟು ಹಾಕ್ಕೊಂಡು ಬಂದ್ರ, ಸಿಟ್ಟಿಲೆ ಬಂದ್ರ, ಬಳ್ಳಿ ಮುನಸ್ಕೊಂತೈತಿ. ನೀವು ಕರೆಂಟಿನ ಮಂದಿ, ನಂಬಂಗಿಲ್ಲ. ನಂಬಲಿಲ್ಲಂದ್ರೂ ಕಳೀರಿ."

ಬಳ್ಳಿಯನ್ನು ನುಗ್ಗೆ ಗಿಡಕ್ಕೆ ಹಬ್ಬಿಸಿದೆ. ಅಜ್ಜನ ಮಾತಿನಂತೆ ಅಲ್ಲಿಗೆ ಹೋಗುವಾಗ ಇಲಾಖೆ ಕೊಟ್ಟ ರಬ್ಬರ್ ಅಡಿಯ ಬೂಟು ಕಳೆದಿಡುತ್ತಿದ್ದೆ. ನನ್ನ ಮಟ್ಟಿಗೆ ಆ ಎಂಟು ಮೊಳ ಜಾಗ ಗುಡಿಯೇ ಆಯಿತು.

ಈಗ ಕೊಡದ ಪದ್ಧತಿಯ ವಿಷಯ. ಅದನ್ನು ಹುಟ್ಟಿಸಿದವನು ನಾಗಪ್ಪ. ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯವನು, ಮಾತಿಗೊಮ್ಮೆ ನಗುವವನು, ಕಂಬದ ಮೇಲೆ ಹಾಡು ಹೇಳುವವನು. ನಾನು ಅವನ ಕೈ ಮುಟ್ಟಿ ನೋಡುವುದನ್ನು ಸಹಿಸಿ ಸಹಿಸಿ ಒಂದು ದಿನ ಹೇಳಿದ.

"ಬಸಣ್ಣಾರ, ನೀವೇನು ನನ್ನ ಲಗ್ನಾ ಆಗೋರೇನ್ರಿ, ದಿನಾ ಕೈ ಹಿಡೀತೀರಿ? ಒಂದ್ ಕೆಲಸ ಮಾಡೋಣು. ಎಲ್‌ಸಿ ತಗೊಂಡು ಹೋಗೂಮುಂದ ನಾ ಒಂದು ಕೊಡಾ ನೀರು ತುಂಬಿ ಗುಂಡಿ ಕಟ್ಟಿ ಮ್ಯಾಲ ಇಡ್ತೇನಿ. ಬಂದ ಮ್ಯಾಲ ನಾನ ಕೈಯಾರೆ ಗುಂಡಿಗೆ ಸುರುವಿ ಬೋರಲು ಹಾಕ್ತೇನಿ. ತುಂಬಿದ ಕೊಡಾ ಕಂಡ್ರ ನಾಗ್ಯಾ ಕಂಬದ ಮ್ಯಾಲ. ಬೋರಲು ಕಂಡ್ರ ನಾಗ್ಯಾ ನೆಲದ ಮ್ಯಾಲ. ನಮ್ಮಪ್ಪ ಫೋನ್ ಮಾಡಿದ್ರೂ ನಂಬಬ್ಯಾಡ್ರಿ."

ತಮಾಷೆಗೆ ಶುರುವಾದದ್ದು ಗಟ್ಟಿಯಾಯಿತು. ಅವನದು ಕೆಂಪು ಪ್ಲಾಸ್ಟಿಕ್ ಕೊಡ. ಪೂರ್ವದ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಗುಂಡಿಗೂ ನೀರಾಯಿತು, ನನ್ನ ಜೀವಕ್ಕೂ ಸಮಾಧಾನವಾಯಿತು. ಪಾಟೀಲ ಸಾಹೇಬರು ಕಂಡರು, ನಕ್ಕು ಸುಮ್ಮನಾದರು. ಆ ವರ್ಷ ಗೀತಾ ಎಂಬ ಹುಡುಗಿ ಆಪರೇಟರಾಗಿ ಬಂದಳು. ಹತ್ತಿಮತ್ತೂರಿನವಳು, ಚುರುಕು. ಅವಳಿಗೆ ಕೆಲಸ ಕಲಿಸುವುದು, ಬ್ಯಾಟರಿ ಮತ್ತು ಗುಂಡಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅವಳಿಗೆ ಪುಸ್ತಕವನ್ನೂ ಕಲಿಸಿದೆ, ಕೊಡವನ್ನೂ ಕಲಿಸಿದೆ.

ಹೊಸಬರು ಇಲ್ಲಿ ನಿಂತು ಓದಬೇಕು. ಕೊಡ ಪುಸ್ತಕಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದರಿಂದ, ನಾವು ಪುಸ್ತಕವನ್ನು ನಿಧಾನವಾಗಿ ಹಿಂದಕ್ಕೆ ಬಿಟ್ಟೆವು. ಮೊದಲು ನಾಗಪ್ಪ ಕೊಡ ಬೋರಲು ಹಾಕಿ ಒಳಗೆ ಬಂದು ಸಹಿ ಮಾಡುತ್ತಿದ್ದ, ಆಮೇಲೆ ಕರೆಂಟು. ಕೆಲವು ತಿಂಗಳಲ್ಲಿ, ಅವನು ಕೊಡ ಬೋರಲು ಹಾಕಿ ಕೈಕಾಲು ತೊಳೆಯುವಷ್ಟರಲ್ಲಿ ಕಿಟಕಿಯಿಂದ ನೋಡಿದವರು ಕರೆಂಟು ಬಿಟ್ಟಿರುತ್ತಿದ್ದರು; ಸಹಿ ಚಹಾದ ಜೊತೆ ಆಗುತ್ತಿತ್ತು. ಯಾರೂ ಹೀಗೆ ಮಾಡೋಣ ಎಂದು ಹೇಳಲಿಲ್ಲ. ಆಯಿತು, ಅಷ್ಟೇ.

ಯುಗಾದಿ ಕಳೆದ ನಾಲ್ಕನೆಯ ದಿನ ಒಂಬತ್ತೂಕಾಲಿಗೆ ನಾಗಪ್ಪ ಕೆರೆಯ ಕಡೆಯ ಲೈನಿಗೆ ಎಲ್‌ಸಿ ತೆಗೆದುಕೊಂಡ. ಕೆಂಪು ಕೊಡ ತುಂಬಿ ಗುಂಡಿಯ ಕಟ್ಟೆಯ ಮೇಲಿಟ್ಟ. ಹೋಗುವಾಗ ಗೀತಾಳಿಗೆ, "ತಂಗೀ, ಚಾ ಕಾಯಿಸಿಡವ್ವ, ತಾಸಿನ್ಯಾಗ ಬರ್ತೇನಿ," ಎಂದ. ಹತ್ತು ಗಂಟೆಗೆ ಗೇಟಿನ ಬಳಿ ಹತ್ತು ಹನ್ನೆರಡು ಜನ ರೈತರು ಸೇರಿದರು. ಬಿಸಿಲಿಗೆ ಸೌತೆ, ಮೆಣಸಿನ ಗಿಡ ಬಾಡುತ್ತಿದ್ದವು. ಪಂಪಿಗೆ ಕರೆಂಟು ಬೇಕಾಗಿತ್ತು. "ಎಷ್ಟೊತ್ತು ಮಾಡ್ತೀರ್ರೀ?" ಎಂದು ಕೂಗುತ್ತಿದ್ದರು. ಮೇಲಿನಿಂದಲೂ ಫೋನು ಬರುತ್ತಿತ್ತು. ಅದೆಲ್ಲ ಗೀತಾ ನೋಡಿಕೊಳ್ಳುತ್ತಿದ್ದಳು. ನಾನು ಬೂಟು ಕಳೆದು ಬಳ್ಳಿಯ ಬಳಿ ಇದ್ದೆ.

ಬಿಸಿಗಾಳಿ ಎದ್ದಿತ್ತು. ಬಳ್ಳಿಯ ಕುಡಿಗಳು ಜೋತುಬಿದ್ದಿದ್ದವು. ಅದಕ್ಕೆ ಅದು ಮೊದಲ ಬೇಸಿಗೆ. ನಲ್ಲಿ ತಿರುಗಿಸಿದೆ; ನೀರಿಲ್ಲ. ನಮ್ಮ ನಲ್ಲಿಗೆ ಬರುವುದು ಪಂಚಾಯಿತಿ ಟ್ಯಾಂಕಿನ ನೀರು. ಆ ಟ್ಯಾಂಕು ತುಂಬುವ ಪಂಪು ಇದ್ದದ್ದು ಕೆರೆಯ ಲೈನಿನ ಮೇಲೆ, ನಾಗಪ್ಪ ಬಂದ್ ಮಾಡಿಸಿದ್ದ ಅದೇ ಲೈನಿನ ಮೇಲೆ. ಸುತ್ತ ನೋಡಿದೆ. ಒಂದು ಕೊಡ ನೀರು ಕಟ್ಟೆಯ ಮೇಲಿತ್ತು.

ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಅನೇಕ ಸಲ ಹುಡುಕಿದ್ದೇನೆ. ಏನೂ ಇರಲಿಲ್ಲ. ಹಾನಗಲ್ಲಿನ ನಂತರ ನಾನು ಬೇಡಿಕೊಂಡದ್ದು ಅದನ್ನೇ, ತಲೆಯಲ್ಲಿ ಏನೂ ಇಲ್ಲದ ಒಂದು ಗಳಿಗೆಯನ್ನು. ಅದು ಸಿಕ್ಕಿತ್ತು. ಕೊಡ ಎತ್ತಿ ನಾಲ್ಕು ಬುಡಕ್ಕೂ ಸಮನಾಗಿ, ನಿಧಾನವಾಗಿ ಹಾಕಿದೆ. ಕುಡಿಗಳನ್ನು ನೆರಳಿನ ಕಡೆ ತಿರುಗಿಸಿ ಕಟ್ಟಿದೆ. ಹಿಂದಕ್ಕೆ ಬಂದು ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದೆ. ರೂಢಿ. ಖಾಲಿ ಕೊಡ ಅಲ್ಲಿ ಬೋರಲೇ ಇರುತ್ತಿತ್ತು.

ಮತ್ತೆ ಬಳ್ಳಿಯ ಬಳಿ ಬಂದು ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಕಟ್ಟಡದ ಆಚೆಯಿಂದ ಕಟಕ್ ಎಂದು ಸದ್ದು ಬಂತು. ಯಾರ್ಡಿನ ಸ್ವಿಚ್ಚು ಕೂತ ಸದ್ದು. ಆ ಸದ್ದನ್ನು ಜೀವಮಾನದಲ್ಲಿ ಸಾವಿರಾರು ಸಲ ಕೇಳಿದ್ದೇನೆ, ನಿದ್ದೆಯಲ್ಲೂ ಗುರುತಿಸುತ್ತೇನೆ. ಅಂದೂ ಕೇಳಿಸಿತು. ಕೇಳಿಸಿಯೂ ನಾನು ಎದ್ದೇಳಲಿಲ್ಲ. ಇದನ್ನು ಯಾರೂ ನೋಡಿಲ್ಲ, ಆದ್ದರಿಂದ ನಾನೇ ಬರೆಯಬೇಕು. ಸದ್ದಿಗೂ ನಾನು ಎದ್ದುದಕ್ಕೂ ನಡುವೆ ಒಂದು ಮಲ್ಲಿಗೆ ಗಿಡದ ಒಣಗಿದ ಎಲೆಗಳನ್ನೆಲ್ಲ ಬಿಡಿಸಿದೆ. ಒಂದು ನಿಮಿಷ ಇರಬಹುದು.

ಎದ್ದು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ತಿರುಗಿದೆ. ಕಿಟಕಿಯಲ್ಲಿ ಗೀತಾ ಕಂಡಳು. ಹಿಡಿಗೆ ನೇತುಹಾಕಿದ್ದ "ಜನರು ಕೆಲಸದಲ್ಲಿದ್ದಾರೆ" ಎಂಬ ಕೆಂಪು ಹಲಗೆಯನ್ನು ತೆಗೆಯುತ್ತಿದ್ದಳು. ನಾಗಪ್ಪ ಬಂದನೇ ಎಂದುಕೊಂಡೆ. ಕಟ್ಟೆಯ ಕಡೆ ನೋಡಿದೆ. ಕೊಡ ಬೋರಲಿತ್ತು. ಬಂದಿದ್ದಾನೆ ಎಂದುಕೊಂಡೆ.

ಆಮೇಲೆ ನನ್ನ ಕೈ ನೋಡಿಕೊಂಡೆ. ಒದ್ದೆ ಇತ್ತು.

"ಗೀತಾ, ಬ್ಯಾಡ!" ಎಂದು ಕೂಗಿದೆ. ಗೇಟಿನಲ್ಲಿ ಗಲಾಟೆ, ಒಳಗೆ ಫ್ಯಾನು, ಅವಳು ತಿರುಗಲಿಲ್ಲ. ಹಲಗೆಯನ್ನು ಮೇಜಿನ ಮೇಲಿಟ್ಟಳು. ಕೊಡ ಎತ್ತಿಕೊಂಡು ಓಡಿದೆ. ಕಟ್ಟಡದ ಸುತ್ತ ಚೂಪು ಜಲ್ಲಿ ಹಾಸಿತ್ತು, ಬರಿಗಾಲು. ಬಾಗಿಲು ಆಚೆ ಬದಿಗೆ. ಸುತ್ತು ಹಾಕಿ ಹೋಗುವಷ್ಟು ಹೊತ್ತಿಲ್ಲ. ಅರ್ಧ ದಾರಿಯಿಂದ ಕೊಡವನ್ನು ಕಿಟಕಿಗೆ ಎಸೆದೆ. ಅದು ಸರಳಿಗೆ ಬಡಿದು ಸೀಳಿತು. ಗೀತಾ ಬೆಚ್ಚಿ ತಿರುಗಿದಳು. ಅವಳ ಬಲಗೈ ಹಿಡಿಯ ಮೇಲಿತ್ತು. ಕೈ ಹಿಡಿಯ ಮೇಲಿತ್ತು ಎನ್ನುವವರೆಗೆ ನಾನು ಸಾಕ್ಷಿ. ಹಿಡಿ ತಿರುಗಲು ಶುರುವಾಗಿತ್ತು ಎಂದು ಅವಳು ಹೇಳುತ್ತಾಳೆ. ಕೈ ಅವಳದು; ಅವಳು ಹೇಳುವುದನ್ನೇ ನಂಬಬೇಕು.

"ನಾಗಪ್ಪ ಬಂದಿಲ್ಲ," ಎಂದೆ. ಕಿಟಕಿಯ ಸರಳು ಹಿಡಿದು ಮತ್ತೆ ಹೇಳಿದೆ.

"ಬಂದಾನಲ್ರೀ ಸರ. ಕೊಡಾ ಬೋರಲಿತ್ತಲ್ರೀ."

"ನಾನು ಹಾಕಿದ್ದು."

ಅವಳು ಕೈ ತೆಗೆದಳು. ಎರಡು ಹೆಜ್ಜೆ ಹಿಂದೆ ಸರಿದು, ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ನಾನು ಸುತ್ತಿ ಒಳಗೆ ಹೋಗಿ ಹಲಗೆಯನ್ನು ಮತ್ತೆ ನೇತುಹಾಕಿದೆ. ಯಾರ್ಡಿಗೆ ಹೋಗಿ ಸ್ವಿಚ್ಚು ತೆರೆದೆ. ಫೋನು ಹೊಡೆಯುತ್ತಲೇ ಇತ್ತು. ಎತ್ತಿದೆ. ಪಾಟೀಲ ಸಾಹೇಬರು.

"ಯಾಕೋ ಬಸಣ್ಣ, ಇನ್ನೂ ಲೈನ್ ಹಾಕಿಲ್ಲಂತಲ್ಲ?"

ಹೇಳಿದೆ. "ಬರ್ತೇನಿ," ಎಂದು ಫೋನಿಟ್ಟರು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ನಾಗಪ್ಪ ಬಂದ. ಗೇಟಿನಿಂದಲೇ ನಗುತ್ತ ಬಂದ.

"ಏನ್ರೀ ಬಸಣ್ಣಾರ, ಯಾವ ಹಾವು ಬೆನ್ನ ಹತ್ತಿತ್ರೀ ನಿಮಗ? ಕಂಬದ ಮ್ಯಾಲಿಂದ ಎಲ್ಲಾ ಕಾಣಸ್ತಿತ್ತು. ಕೊಡಾ ಹಿಡಕೊಂಡು ಬರಿಗಾಲಿಲೆ ಓಡಿದ್ದ ಓಡಿದ್ದು! ನಕ್ಕ ನಕ್ಕ ಪಕ್ಕಡ ಕೈ ಜಾರಿ ಕೆಳಗ ಬಿತ್ತು ನೋಡ್ರಿ."

ಯಾರೂ ನಗಲಿಲ್ಲ. ಅವನು ಕಿಟಕಿಯ ಕೆಳಗೆ ಸೀಳಿ ಬಿದ್ದ ತನ್ನ ಕೊಡವನ್ನು ನೋಡಿದ. ಒದ್ದೆಯಾದ ಬಳ್ಳಿಯ ಬುಡ ನೋಡಿದ. ನಲ್ಲಿಯ ಕಡೆ ನೋಡಿದ. ಕೊನೆಗೆ ನನ್ನ ಕಾಲಿನಿಂದ ಬರುತ್ತಿದ್ದ ರಕ್ತ ನೋಡಿದ. ನಾನು ಹೇಳಬೇಕಾದ್ದು ಸ್ವಲ್ಪವೇ ಉಳಿಯಿತು, ಅದನ್ನೂ ಹೇಳಿದೆ.

"ನಾ ನಗೂಮುಂದ..." ಎಂದ. "ಚೈನ್ ತಗದಿದ್ನಿರಿ. ಕಡೀ ಬೋಲ್ಟ್ ಬಿಗಿಯಾಕತ್ತಿದ್ನಿ."

ಕೆಲಸ ಮಾಡುವಾಗ ಲೈನಿನ ತಂತಿಗಳನ್ನು ಒಂದಕ್ಕೊಂದು ಜೋಡಿಸಿ ನೆಲಕ್ಕೆ ಸೇರಿಸುವ ಸರಪಳಿ ಅದು. ಇದ್ದಿದ್ದರೆ ಬಹುಶಃ ಉಳಿಸುತ್ತಿತ್ತು. ಇರಲಿಲ್ಲ. ಅವನು ಸಹಿ ಮಾಡಲಿಲ್ಲ, ಚಹಾ ಕೇಳಲಿಲ್ಲ. ಹೊರಗೆ ಹೋಗಿ ಗುಂಡಿಯ ಕಟ್ಟೆಯ ಮೇಲೆ ಕುಳಿತ.

ಪಾಟೀಲ ಸಾಹೇಬರು ಹನ್ನೊಂದೂವರೆಗೆ ಬಂದರು. ನಾನು ಲಾಗ್ ಪುಸ್ತಕ ತೆರೆದಿದ್ದೆ. ಅವರು ಅದರ ಮೇಲೆ ಕೈಯಿಟ್ಟರು.

"ಏನೂ ಆಗಿಲ್ಲಲ್ಲೋ. ಬರದ್ರ ನಿನಗೂ ತೊಂದ್ರಿ, ಆ ಹುಡುಗಿಗೂ ತೊಂದ್ರಿ. ಹಾನಗಲ್ಲಿಂದು ಇನ್ನೂ ಹಸೀ ಐತಿ."

"ಬರೀತೇನ್ರಿ ಸಾಹೇಬ್ರ. ಆ ಹುಡುಗೀದು ಏನೂ ತಪ್ಪಿಲ್ಲಂತ ಬರೀಬೇಕಂದ್ರ ನಂದು ಬರೀಲೇಬೇಕ್ರಿ."

ಅವರು ಕುರ್ಚಿ ಎಳೆದು ಕುಳಿತರು. ಆಮೇಲೆ ಕೈ ತೆಗೆದರು. "ಹಂಗಾದ್ರ ಪೂರ್ತಿ ಬರಿ. ಈ ಕೊಡದ ಆಟ ಸೆಕ್ಷನ್ ಆಫೀಸರಗ ಗೊತ್ತಿತ್ತು, ನೋಡಿ ನಕ್ಕು ಸುಮ್ನಿದ್ದಾ ಅಂತ ಅದನ್ನೂ ಬರಿ." ಬರೆದೆ. ಅವರು ಕೆಳಗೆ ಸಹಿ ಮಾಡಿದರು. ನನ್ನ ವೃತ್ತಿಯಲ್ಲಿ ಎಷ್ಟೋ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಮ್ಮ ಮೇಲಿನ ದೂರಿಗೆ ತಾವೇ ಸಹಿ ಮಾಡಿದವರನ್ನು ಒಬ್ಬರನ್ನೇ ಕಂಡೆ.

ಆಮೇಲೆ ನಾನು ಗುದ್ದಲಿ ತೆಗೆದುಕೊಂಡು ಹೊರಗೆ ಹೋದೆ. ಬೂಟು ಹಾಕಿಕೊಂಡೇ ಮಡಿಯೊಳಗೆ ಕಾಲಿಟ್ಟೆ. ನುಗ್ಗೆಯ ಬುಡಕ್ಕೆ ಮೊದಲ ಏಟು ಹಾಕುವಾಗ ನಾಗಪ್ಪ ಕಟ್ಟೆಯಿಂದ ಎದ್ದು ಬಂದು ಗುದ್ದಲಿಯ ಕಾವು ಹಿಡಿದ.

"ಬಳ್ಳಿ ಏನ್ ಮಾಡೈತ್ರಿ?"

"ಬಿಡು ನಾಗಪ್ಪ."

"ಬಿಡಂಗಿಲ್ರಿ. ನೀವು ಹಾನಗಲ್ಲಿಂದ ಬಂದಾಗ ಹೆಂಗಿದ್ರಿ ನಾ ನೋಡೇನಿ. ಹೆಣಾ ಕುರ್ಚಿ ಮ್ಯಾಲ ಕುಂತಂಗ. ಈ ಮಣ್ಣಾಗ ಕೈ ಇಟ್ಟ ಮ್ಯಾಲ ಮನಷ್ಯಾ ಆದ್ರಿ. ಇದನ್ನ ಕಿತ್ರ ಮತ್ತ ಆ ಹೆಣ ಬಂದು ಕುಂಡ್ರತೈತಿ. ಅಂವನ ಕೈಯಾಗ ನನ್ನ ಜೀವಾ ಕೊಟ್ಟು ಕಂಬಾ ಹತ್ತಾಂವಲ್ಲ ನಾ."

"ಇಲ್ಲೇ ಕುಂತು ನಿನ್ನ ಮರತ್ನಲ್ಲೋ."

"ಮರತ್ರಿ. ಮುಂದ ಮರೀಬ್ಯಾಡ್ರಿ. ಕುಂಡ್ರಬ್ಯಾಡ್ರಿ ಅಂತ ನಾ ಎಲ್ಲೆ ಹೇಳಿದ್ನಿ?"

ನಾನು ಗುದ್ದಲಿ ಬಿಟ್ಟೆ. ಅವನೇ ಮೊದಲು ತನ್ನ ಮೆಟ್ಟು ಕಳೆದ. ನನ್ನ ಬೂಟಿನ ಕಡೆ ನೋಡಿದ. ನಾನೂ ಕಳೆದೆ. ಇಬ್ಬರೂ ಆ ಒದ್ದೆ ಮಣ್ಣಿನಲ್ಲಿ ಕುಳಿತೆವು. ಅವನು ಬದನೆಯ ಮಡಿಯ ಕಳೆ ಕೀಳತೊಡಗಿದ. ನಾನೂ ಕಿತ್ತೆ. ಒಂದು ಸಾಲು ಅವನು ಮುಗಿಸಿದ. ಎರಡನೇ ಸಾಲು ನಾನು ಮುಗಿಸಿದೆ.

ಆ ವಾರವೇ ಪಾಟೀಲ ಸಾಹೇಬರು ಸಂತೆಯಿಂದ ಆರು ಸಣ್ಣ ಬೀಗ ತಂದರು. ಲೈನ್‌ಮ್ಯಾನ್ ತಾನೇ ಹಿಡಿಗೆ ಬೀಗ ಹಾಕಿ ಕೀಲಿಕೈ ತನ್ನ ಜೇಬಿನಲ್ಲಿ ಇಟ್ಟುಕೊಂಡು ಕಂಬ ಹತ್ತಬೇಕು. ಇಬ್ಬರು ಹೋದರೆ ಎರಡು ಬೀಗ. ಅವನು ಬಂದು ತೆಗೆಯದೆ ಯಾರಿಗೂ ಹಿಡಿ ತಿರುಗದು. ಮುಂದೆ ಶಿಗ್ಗಾಂವಿ ಕಡೆ ನಾನು ಕೊನೆಯ ಆರು ವರ್ಷ ಕೆಲಸ ಮಾಡಿದಾಗ ಅಲ್ಲಿಯೂ ಇದನ್ನೇ ಜಾರಿಗೆ ತಂದೆವು. ಈಗ ಹೊಸ ಉಪಕರಣಗಳು ಬಂದಿವೆ, ಮೊಬೈಲಿನಲ್ಲಿ ಸಂದೇಶ ಬರುತ್ತದೆ. ಬರಲಿ. ಆದರೆ ಕೀಲಿಕೈ ಕಂಬ ಹತ್ತುವವನ ಜೇಬಿನಲ್ಲೇ ಇರಲಿ. ಚೆನ್ನಾಗಿ ನಡೆಯುತ್ತಿರುವ ಅಡ್ಡ ಪದ್ಧತಿಯನ್ನು ಕೆಟ್ಟ ಪದ್ಧತಿಗಿಂತ ಹೆಚ್ಚು ಅನುಮಾನಿಸಿ.

ಕೈತೋಟದ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಶ್ರಾಂತಿ ಎಂದರೆ ಮರೆಯುವುದು ಎಂದು ನಾನು ತಿಳಿದಿದ್ದೆ. ಬಳ್ಳಿಯ ಬಳಿ ಕುಳಿತು ಮರೆತೆ. ಮರೆತದ್ದು ಒಬ್ಬ ಮನುಷ್ಯನನ್ನು. ಆ ಬೇಸಿಗೆಯಿಂದ ನನ್ನದೊಂದು ನಿಯಮ. ಮಡಿಗೆ ಇಳಿಯುವ ಮೊದಲು, ಪ್ಯಾನಲ್ ಮುಂದಿರುವವರ ಎದುರು ನಿಂತು, ಯಾರು ಯಾವ ಕಂಬದ ಮೇಲಿದ್ದಾರೆ ಎಂದು ಹೆಸರು ಹಿಡಿದು ಕೇಳುತ್ತಿದ್ದೆ. ಆ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನೀರು ಹಾಕುತ್ತಿದ್ದೆ. ಮೊದಲು ಭಾರವಾಯಿತು. ಆಮೇಲೆ ತಿಳಿಯಿತು, ಅದು ಭಾರವಲ್ಲ. ಹೆಸರು ನೆನೆಯುತ್ತ ನೀರು ಹಾಕಿದ ದಿನಗಳಲ್ಲಿ ನನಗೆ ಸಿಕ್ಕ ನೆಮ್ಮದಿ, ಎಲ್ಲ ಮರೆತು ಕುಳಿತ ದಿನಗಳಲ್ಲಿ ಸಿಕ್ಕಿದ್ದಕ್ಕಿಂತ ಗಟ್ಟಿಯಾಗಿತ್ತು. ಅದನ್ನು ಮನೆಗೂ ಕೊಂಡೊಯ್ಯಬಹುದಾಗಿತ್ತು. ಈಗ ಹಿರೇಕೆರೂರಿನ ಮನೆಯ ಹಿತ್ತಲಲ್ಲಿ ನಾಲ್ಕು ಮಡಿ ಇವೆ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಆ ಒಂದೂವರೆ ತಿಂಗಳು ನಾನು ಬೆಳಗಿನ ಹೊತ್ತು ಬೇರೆಲ್ಲೂ ಹೋಗುವುದಿಲ್ಲ.

ಇದನ್ನು ಕಂಡವರು ನಾನೊಬ್ಬನೇ ಅಲ್ಲ. ಪಾಟೀಲ ಸಾಹೇಬರು ತೀರಿಕೊಂಡಿದ್ದಾರೆ. ಅವರ ಸಹಿ ಆ ಪುಸ್ತಕದಲ್ಲಿದೆ. ಗೀತಾ ಇದ್ದಾಳೆ, ಶಿಗ್ಗಾಂವಿ ಕಡೆ ಹಿರಿಯ ಆಪರೇಟರಾಗಿ ಕೆಲಸದಲ್ಲಿದ್ದಾಳೆ, ಹಿಡಿ ತಿರುಗಿತ್ತೋ ಇಲ್ಲವೋ ಎಂಬುದನ್ನು ಅವಳನ್ನೇ ಕೇಳಬೇಕು. ಎಲ್ಲವನ್ನೂ ಎತ್ತರದಿಂದ ನೋಡಿದವನು, ಏನು ನೋಡುತ್ತಿದ್ದೇನೆಂದು ತಿಳಿಯದೆ ನಕ್ಕವನು ನಾಗಪ್ಪ. ನಿವೃತ್ತನಾಗಿ ಹಂಸಭಾವಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ. ಹೋದ ವಾರ ಭೇಟಿಯಾಗಿದ್ದೆ. ಬದುಕಿದ್ದಾನೆ.